ಮುಸುರೆ ನೀರಿನ ಕಣಗಿಲೆ

ಆ ಕಾಲದ ಕೂಡು ಕುಟುಂಬ ಎಷ್ಟು ಚೆಂದ ಇತ್ತು, ಒಂದೇ ಒಲೆ, ಒಂದೇ ಪಂಕ್ತಿ ಎಂದು ನನ್ನ ವಯಸ್ಸಿನವರು ಮದುವೆ ಮನೆಗಳಲ್ಲಿ ಕುಳಿತು ಕೊಂಡಾಡುವಾಗ ನಾನು ಸುಮ್ಮನೆ ಎಲೆ ಅಡಿಕೆ ಹಾಕಿಕೊಳ್ಳುತ್ತೇನೆ. ಒಲೆ ಒಂದೇ ಇತ್ತು, ಒಪ್ಪುತ್ತೇನೆ. ಆ ಒಲೆಯ ಮುಂದೆ ಯಾರು ಬೆಂದರು ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ನಯಾಪೈಸೆ ಚಲಾವಣೆಗೆ ಬಂದ ಹೊಸತರಲ್ಲಿ ದಾವಣಗೆರೆಯ ನಮ್ಮ ಮನೆಯಲ್ಲಿ ನಾನು ಕಂಡ ಒಂದು ಬೇಸಿಗೆಯನ್ನು ಹೇಳುತ್ತೇನೆ. ಚೆಂದ ಇತ್ತೋ ಇಲ್ಲವೋ ನೀವೇ ಹೇಳಿ.

ಆನೆಕೊಂಡದ ಕಡೆ ಹೋಗುವ ದಾರಿಯಲ್ಲಿ ನಮ್ಮದು ಉದ್ದನೆಯ ಮನೆ. ಅಪ್ಪ ಮತ್ತು ಸಣ್ಣಪ್ಪ ಸೇರಿ ಹತ್ತಿಯ ದಲ್ಲಾಳಿ ಅಂಗಡಿ ನಡೆಸುತ್ತಿದ್ದರು. ಮುಂಬಾಗಿಲಲ್ಲಿ ನಿಂತರೆ ಹತ್ತಿಕಾಳಿನ ಜಿಡ್ಡು ವಾಸನೆ, ಹಿತ್ತಿಲಿಗೆ ಹೋದರೆ ಎಮ್ಮೆಯ ಗಂಜಲದ ವಾಸನೆ, ಇವೆರಡರ ನಡುವೆ ಅಜ್ಜಿಯ ವಿಭೂತಿ, ಧೂಪ. ಮನೆ ಅಜ್ಜಿಯದು. ಗಂಡುಮಕ್ಕಳು ಪೇಟೆಯಲ್ಲಿ ಎಷ್ಟೇ ದೊಡ್ಡ ಸಾವ್ಕಾರರಾದರೂ ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಅವಳ ಮುಖ ನೋಡಿಯೇ ಕೂರುತ್ತಿದ್ದರು. ನನ್ನನ್ನು ಅಜ್ಜಿ ಬಹಳ ಮುದ್ದು ಮಾಡುತ್ತಿದ್ದಳು. ಮಂಡಕ್ಕಿಗೆ ಹುರಿದ ಶೇಂಗಾ ಬೆರೆಸಿ, ಸೆರಗಿನಲ್ಲಿ ಮುಚ್ಚಿಟ್ಟು ನನಗೊಬ್ಬಳಿಗೇ ಕೊಡುತ್ತಿದ್ದಳು. ಅದನ್ನೂ ಹೇಳಬೇಕು. ಅದೇ ಕೈ ಸಣ್ಣವ್ವನಿಗೆ ಏನು ಮಾಡಿತು ಎಂಬುದನ್ನೂ ಹೇಳಬೇಕು.

ಸಣ್ಣವ್ವ ಎಂದರೆ ಸಣ್ಣಪ್ಪನ ಹೆಂಡತಿ ನೀಲವ್ವ, ಹರಿಹರದವಳು. ಹೊಳೆ ದಂಡೆಯಲ್ಲಿ ಬೆಳೆದ ಹುಡುಗಿ. ಅಜ್ಜಿ ಕಣ್ಣಿಗೆ ಬೀಳದಿದ್ದರೆ ನಮ್ಮ ಜೊತೆ ಕುಂಟಾಬಿಲ್ಲೆಗೂ ಇಳಿಯುತ್ತಿದ್ದಳು. ಅವಳ ಮದುವೆಯ ದಿನ ಹರಿಹರದವರು ಬೀಗರಿಗೆ ವೀಳ್ಯ ಕೊಡುವ ಗಡಿಬಿಡಿಯಲ್ಲಿ ಅಜ್ಜಿಯ ವೀಳ್ಯ ತಪ್ಪಿಹೋಗಿತ್ತು. ಆಮೇಲೆ ತಟ್ಟೆ ಹಿಡಿದು ಓಡಿ ಬಂದು ಕಾಲಿಗೆ ಬಿದ್ದರಂತೆ. ಅಜ್ಜಿ ನಗುನಗುತ್ತಲೇ ತೆಗೆದುಕೊಂಡಳಂತೆ. ಆದರೆ ಅಂದಿನಿಂದ ಸಣ್ಣವ್ವನನ್ನು ತವರಿಗೆ ಕಳಿಸಲಿಲ್ಲ. ಪಂಚಮಿಗೆ ಕೇರಿಯ ಸೊಸೆಯರೆಲ್ಲ ತವರಿಗೆ ಹೋಗಿ, ಜೋಕಾಲಿ ಆಡಿ, ಉಂಡೆ ಕಟ್ಟಿಸಿಕೊಂಡು ಬಂದರೂ ಇವಳು ನಮ್ಮ ಒಲೆಯ ಮುಂದೆಯೇ. ಹರಿಹರವೇನು ಕಾಶಿಯೇ? ರೈಲು ಹತ್ತಿ ಕೂತು ಒಂದು ಪೊಟ್ಟಣ ಶೇಂಗಾ ತಿಂದು ಮುಗಿಸುವಷ್ಟರಲ್ಲಿ ಬರುವ ಊರು.

ಆ ಬೇಸಿಗೆಯ ಹಿಂದಿನ ದೀಪಾವಳಿಗೆ ಸಣ್ಣವ್ವನ ಅಣ್ಣ ಬಂದ. ತಾಯಿಗೆ ಉಬ್ಬಸ ಹೆಚ್ಚಾಗಿದೆ, ಮಗಳನ್ನು ನೋಡಬೇಕು ಎನ್ನುತ್ತಾಳೆ ಎಂದು ಕೈಮುಗಿದು ನಿಂತ. ಅವನು ತಂದ ಬುಟ್ಟಿಯಲ್ಲಿ ಕರ್ಜಿಕಾಯಿಯ ಜೊತೆಗೆ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಕಣಗಿಲೆ ಕಡ್ಡಿಗಳಿದ್ದವು. ಸಣ್ಣವ್ವ ಹುಡುಗಿಯಾಗಿದ್ದಾಗ ದಿನಾ ಪೂಜೆಗೆ ಹೂ ಬಿಡಿಸುತ್ತಿದ್ದ ಹಿತ್ತಲ ಗಿಡದ್ದು. ತಾಯಿ ಕಡಿಸಿ ಕಳಿಸಿದ್ದಳು. ಅಜ್ಜಿ ಒಂದು ಕಡ್ಡಿಯನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಈ ಕಡ್ಡಿ ಹೂ ಬಿಟ್ಟ ದಿನ ನಿನ್ನ ತಂಗೀನ ಕಳಿಸ್ತೀನಪ್ಪ. ಲಿಂಗದ ಮ್ಯಾಲೆ ಆಣೆ," ಎಂದಳು.

ಅಣ್ಣ ಅದನ್ನೇ ದೊಡ್ಡದಾಗಿ ತಿಳಿದು ರೈಲು ಹತ್ತಿದ. ಕಣಗಿಲೆಯಂಥ ಗಟ್ಟಿ ಗಿಡ, ಎಲ್ಲಿ ಚುಚ್ಚಿದರೂ ಬರುತ್ತದೆ, ಯುಗಾದಿ ಕಳೆಯುವಷ್ಟರಲ್ಲಿ ತಂಗಿ ಬಂದಾಳು ಎಂದು ಅವನ ಲೆಕ್ಕ.

ಅಜ್ಜಿ ತೋರಿಸಿದ ಜಾಗ ಬಚ್ಚಲ ಹಿಂದಿನ ಗರಸು ನೆಲ. ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಸಣ್ಣವ್ವ ಕಡ್ಡಿಗಳನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕೊಯ್ದು, ಒಸರಿದ ಹಾಲು ಒಣಗುವವರೆಗೆ ನೆರಳಿನಲ್ಲಿಟ್ಟು, ಆಮೇಲೆ ನೀರಿನ ಸೀಸೆಯಲ್ಲಿ ನಿಲ್ಲಿಸಿದಳು. ಆ ಹಾಲು ವಿಷ, ಬಾಯಿಗೆ ಮುಟ್ಟಿಸಬೇಡಿ ಎಂದು ನಮ್ಮ ಕೈಗಳನ್ನು ತಾನೇ ಬೂದಿ ಹಚ್ಚಿ ಉಜ್ಜಿ ತೊಳೆದಳು. ಬಿಳಿಯ ಬೇರು ಇಣುಕಿದ ಮೇಲೆ ಗುಂಡಿ ತೋಡಿ, ಮರಳು, ಹಳೆಯ ಸಗಣಿ ಗೊಬ್ಬರ ತುಂಬಿ ನೆಟ್ಟಳು. ಉಳಿದವು ಒಣಗಿದವು, ಒಂದು ಚಿಗುರಿತು. ಪಕ್ಕದ ಮನೆಯ ಆಡು ಬಂದು ಮೂಸಿ ಹೋಗುತ್ತಿತ್ತು, ಬಾಯಿ ಹಾಕುತ್ತಿರಲಿಲ್ಲ. ಚಿಗುರಿಗೆ ಹಳದಿ ಹೇನು ಮುತ್ತಿದಾಗ ಒಲೆಯ ಬೂದಿ ಉದುರಿಸಿದಳು. ಮೊಳಕಾಲೆತ್ತರಕ್ಕೆ ಬಂದಾಗ ಕವಲೊಡೆಯಲಿ ಎಂದು ತುದಿ ಚಿವುಟಿದಳು. ಚಿವುಟುವ ಮುಂಚೆ ಬಹಳ ಹೊತ್ತು ಯೋಚಿಸಿದ್ದನ್ನು ನಾನು ನೋಡಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಹಿತ್ತಲ ಬಾವಿ ತಳ ಕಂಡಿತು. ಕುಡಿಯುವ ನೀರನ್ನು ದೂರದ ಬಾವಿಯಿಂದ ಹೊತ್ತು ತರಬೇಕಾಯಿತು. ಹೊರುವವಳು ಸಣ್ಣವ್ವ, ಹಂಡೆಯ ಕಾವಲು ಅಜ್ಜಿಯದು. ಗಿಡಕ್ಕೆ ಒಳ್ಳೆಯ ನೀರು ಒಂದು ಹನಿಯನ್ನೂ ಹಾಕಕೂಡದು, ಮುಸುರೆ ನೀರು ಸಾಕು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದಳು. ಮುಸುರೆ ಎಂದರೆ ಉಂಡ ತಟ್ಟೆ, ಪಾತ್ರೆ ತೊಳೆದ ನೀರು. ಸಣ್ಣವ್ವ ಅದನ್ನು ಬಾಯಿ ಮುರಿದ ಗಡಿಗೆಯೊಂದರಲ್ಲಿ ತುಂಬಿಡುತ್ತಿದ್ದಳು. ಮೇಲೆ ತೇಲಿದ ಜಿಡ್ಡು ತೆಗೆದು, ತಳದ ಬೂದಿ ಕಲಕದಂತೆ ನಡುವಿನ ತಿಳಿಯನ್ನಷ್ಟೇ ಬಗ್ಗಿಸಿ ಬುಡಕ್ಕೆ ಹಾಕುತ್ತಿದ್ದಳು. ತೇವ ಆರದಿರಲೆಂದು ಬುಡದ ಸುತ್ತ ಚಪ್ಪಟೆ ಕಲ್ಲು ಹೊಂದಿಸಿದ್ದಳು. ಊರೆಲ್ಲ ಬಿಸಿಲಿಗೆ ಬತ್ತಿ ಹೋಗಿರುವಾಗ ಬಚ್ಚಲ ಹಿಂದೆ ಆ ಒಂದು ಗಿಡ ಕಡುಹಸಿರಾಗಿ ನಿಂತಿತ್ತು.

ಯುಗಾದಿ ಮುಗಿದು ಮನೆಯಲ್ಲಿ ಶಾವಿಗೆ ಹೊಸೆಯುವ ಕೆಲಸ ಶುರುವಾದಾಗ ಮೊಗ್ಗು ಬಂದವು. ಅದೇ ಹೊತ್ತಿಗೆ ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು ಹರಿಹರದಿಂದ ಸುದ್ದಿಯೂ ಬಂತು. ಸಣ್ಣವ್ವ ಗಂಡನಿಗೆ ಹೇಳಿದಳು. ಅವ್ವನನ್ನು ಕೇಳು ಎಂದ ಸಣ್ಣಪ್ಪ. ಹೆಂಡತಿಯನ್ನು ಹೊಡೆದವನಲ್ಲ, ಬೈದವನಲ್ಲ, ಅವಳ ಪರವಾಗಿ ಒಂದು ಮಾತೂ ಆಡಿದವನಲ್ಲ.

ಮೊದಲ ಗೊಂಚಲು ಅರಳಿದ ದಿನ ಸಣ್ಣವ್ವ ತಲೆಗೆ ನೀರು ಹಾಕಿಕೊಂಡು, ಬಾಳೆಲೆಯ ತುಂಡಿನಲ್ಲಿ ಗುಲಾಬಿ ಬಣ್ಣದ ಆ ಹೂಗಳನ್ನು ಇಟ್ಟುಕೊಂಡು ಬಂದಳು. ಅಜ್ಜಿ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ನಾವೆಲ್ಲ ಬಾಗಿಲಲ್ಲಿ ನೆರೆದಿದ್ದೆವು. ನನಗಂತೂ ಸಣ್ಣವ್ವ ನನ್ನನ್ನೂ ರೈಲಿನಲ್ಲಿ ಕರೆದುಕೊಂಡು ಹೋಗುತ್ತಾಳೆ ಎಂಬ ಆಸೆ. ಅಜ್ಜಿ ಹೂವನ್ನು ಮುಟ್ಟಲಿಲ್ಲ.

"ಯಾವ ನೀರು ಹಾಕಿ ಬೆಳೆಸಿದ್ಯವ್ವ ಇದನ್ನ?"

"ನೀವೇ ಹೇಳಿದ್ರಲ್ಲ ಅತ್ತೆವ್ವ. ಮುಸುರೆ ನೀರು."

"ಮುಸುರೆ ನೀರಿಂದು ಲಿಂಗಕ್ಕೆ ಏರಲ್ಲ. ಲಿಂಗಕ್ಕೆ ಏರದ್ದು ಹೂವು ಹೆಂಗಾತು? ಹೂ ಬಿಟ್ಟ ದಿನ ಅಂದಿದ್ದೆ ನಾನು. ಇನ್ನೂ ಬಿಟ್ಟಿಲ್ಲ ಬಿಡು."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಮನೆಯೆಲ್ಲ ನಕ್ಕಿತು. ನನ್ನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಅಪ್ಪ ತಲೆ ಅಲ್ಲಾಡಿಸಿ ಮೆಚ್ಚಿಕೊಂಡ. ಸಣ್ಣಪ್ಪ ಮಾತ್ರ ಅಂಗಡಿಗೆ ಹೊತ್ತಾಯಿತೆಂದು ಎದ್ದು ಹೋದ. ಕೇರಿಯ ಹೆಂಗಸರು ಶಾವಿಗೆ ಹೊಸೆಯುತ್ತ, ನಿಮ್ಮತ್ತೆ ಬಲು ಜಾಣೆ ಎಂದು ಸಣ್ಣವ್ವನಿಗೇ ಹೇಳಿದರು. ಜಾಣತನವಂತೆ! ಅದಕ್ಕೆ ನಾನು ಬೇರೆ ಹೆಸರು ಇಟ್ಟಿದ್ದೇನೆ, ಅದನ್ನು ಇಲ್ಲಿ ಬರೆಯಲಾರೆ.

ಸಣ್ಣವ್ವ ಅಳಲಿಲ್ಲ. ಇನ್ನು ಮೇಲೆ ಒಳ್ಳೆಯ ನೀರು ಹಾಕಿದರೆ ಮುಂದಿನ ಹೂ ಏರುತ್ತದೆಯೇ ಎಂದು ಕೇಳಿದಳು. ಏರುತ್ತದೆ, ಆದರೆ ಮನೆ ಮಂದಿಯ ನೀರು ಮುಟ್ಟಬೇಡ, ನಿನ್ನ ಪಾಲಿನದು ಬೇಕಾದರೆ ಹಾಕಿಕೋ ಎಂದಳು ಅಜ್ಜಿ. ಅಂದಿನಿಂದ ಅವಳ ಪಾಲಿನ ಕುಡಿಯುವ ನೀರು ಗಿಡದ ಬುಡಕ್ಕೆ ಹೋಯಿತು. ಸಂಜೆ ಮಿಲ್ಲಿನ ಕೂಗು ಆದ ಮೇಲೆ ತಂಬಿಗೆ ಹಿಡಿದು ಹಿತ್ತಿಲಿಗೆ ಹೋಗುತ್ತಿದ್ದಳು. ಉರಿಬಿಸಿಲಿನಲ್ಲಿ ಮನೆಗೆಲ್ಲ ನೀರು ಹೊತ್ತವಳ ತುಟಿ ಒಡೆದು ಉಪ್ಪು ತಾಗಿದರೆ ಉರಿಯುತ್ತಿತ್ತು. ಸಾರಿನ ಉಪ್ಪು ನೋಡುವಾಗ ಮುಖ ಹಿಂಡುತ್ತಿದ್ದಳು. ಎಲ್ಲರೂ ನೋಡಿದರು. ಇನ್ನೊಂದು ಲೋಟ ಕುಡಿ ಎಂದು ಯಾರೂ ಅನ್ನಲಿಲ್ಲ.

ಮುಂದಿನ ಮೊಗ್ಗು ಇನ್ನೂ ಸಾಸಿವೆಯಷ್ಟಿದ್ದಾಗ ಒಂದು ಬೆಳಿಗ್ಗೆ ಹರಿಹರದಿಂದ ಆಳು ಬಂದ. ಒಳಗೆ ಕರೆದರೂ ಬರದೆ ಬಾಗಿಲಲ್ಲೇ ನಿಂತದ್ದು ನೋಡಿ ಎಲ್ಲರಿಗೂ ಅರ್ಥವಾಯಿತು. ತಾಯಿ ತೀರಿಕೊಂಡಿದ್ದಳು.

ಸಾವಿನ ಮನೆಗೆ ಕಳಿಸಲು ಅಜ್ಜಿ ಒಂದು ಗಳಿಗೆಯೂ ತಡ ಮಾಡಲಿಲ್ಲ. ಸ್ಟೇಷನ್ನಿಗೆ ಜಟಕಾ ತರಿಸಿದಳು, ಸಣ್ಣಪ್ಪನನ್ನು ಹೊರಡಿಸಿದಳು, ಸಣ್ಣವ್ವನ ಜೊತೆಗೊಂದು ಮಗು ಇರಲಿ ಎಂದು ನನ್ನನ್ನೂ ಹತ್ತಿಸಿದಳು. ಆಮೇಲೆ ಹಿತ್ತಿಲಿಗೆ ಹೋಗಿ, ಮುಸುರೆ ನೀರಿನಲ್ಲೇ ಮೊಗ್ಗಾಗಿ ಆ ಗೊಂಚಲಿನ ಹಿಂದೆಯೇ ಅರಳಿ ಗಿಡದ ಮೇಲೆ ಉಳಿದಿದ್ದ ಹೂಗಳನ್ನೆಲ್ಲ ತನ್ನ ಕೈಯಾರೆ ಬಿಡಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಸಣ್ಣವ್ವನ ಮಡಿಲಲ್ಲಿ ಇಟ್ಟಳು.

"ತಗಂಡು ಹೋಗವ್ವ. ಹೆಣಕ್ಕೆ ಮುಸುರೆ ದೋಷ ಇಲ್ಲ."

ಅಜ್ಜಿ ಅದನ್ನು ಚುಚ್ಚಲು ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. ಕನಿಕರದಿಂದಲೇ ಹೇಳಿದಳು. ಎಷ್ಟು ವರ್ಷವಾದರೂ ಅದೇ ನನ್ನ ಹೊಟ್ಟೆ ಉರಿಸುತ್ತದೆ.

ಹರಿಹರದ ಆ ಪಡಸಾಲೆಯಲ್ಲಿ ತಾಯಿಯನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಎದೆಯವರೆಗೆ ಕಣಗಿಲೆ. ಹಿತ್ತಲ ಗಿಡದ ಹೂವೆಲ್ಲ ಅವಳ ಮೈಮೇಲಿತ್ತು. ಕೊನೆಯ ತನಕ ನೀಲಿ ಬಂದಳೇ ಎಂದು ಬಾಗಿಲು ನೋಡುತ್ತಿದ್ದಳು ಎಂದು ಹೆಂಗಸರು ಅಳುತ್ತ ಹೇಳಿದರು. ಸಣ್ಣವ್ವ ತಾಯಿಯ ಪಾದ ಹಿಡಿದು ಕೂತಳು. ನಮ್ಮ ಮನೆಯ ಗಂಟನ್ನು ಬಿಚ್ಚಲೇ ಇಲ್ಲ.

ಮರಳಿ ಬಂದ ಮೇಲೂ ಅವಳು ಗಿಡಕ್ಕೆ ನೀರು ಹಾಕುವುದನ್ನು ಬಿಡಲಿಲ್ಲ. ಯಾಕೆ ಹಾಕುತ್ತಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮುಂಗಾರು ಶುರುವಾಗಿ ಬಾವಿಗೆ ನೀರು ಬಂದ ದಿನಗಳಲ್ಲಿ ಕೊಂಬೆ ಬಾಗುವಷ್ಟು ಹೂ ಬಿಟ್ಟಿತು. ಅಜ್ಜಿ ತಾನೇ ಹೋಗಿ ಬಿಡಿಸಿಕೊಂಡು ಬಂದು ಲಿಂಗಕ್ಕೆ ಏರಿಸಿದಳು. ಪೂಜೆ ಮುಗಿಸಿ ಸಣ್ಣವ್ವನನ್ನು ಕರೆದಳು.

"ಈಗ ಹೂವು ಆತು ನೋಡು. ನನ್ನ ಮಾತು ಮಾತೇ. ನಾಳೆ ಹರಿಹರಕ್ಕೆ ಹೋಗಿ ಬಾ."

"ಯಾರನ್ನ ನೋಡಾಕ ಹೋಗಲಿ ಅತ್ತೆವ್ವ?" ಎಂದಳು ಸಣ್ಣವ್ವ. ಅಷ್ಟು ಹೇಳಿ ಹಿಟ್ಟು ಜರಡಿ ಹಿಡಿಯಲು ಒಳಗೆ ಹೋದಳು.

ಈಗ ಆ ಮನೆಯ ಜಾಗದಲ್ಲಿ ಮಳಿಗೆಗಳು ಎದ್ದಿವೆ. ನನ್ನ ಸೊಸೆ ಬೆಳಿಗ್ಗೆ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ, ತಾಯಿಯ ಕೈಯಡುಗೆ ಉಂಡು, ಸಂಜೆಗೆ ವಾಪಸ್ಸು ಬರುತ್ತಾಳೆ. ನನ್ನನ್ನು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆ ಕಾಲ ಹೋಯಿತಲ್ಲ ಎಂದು ಕೊರಗುವವರು ಕೊರಗಲಿ. ನನ್ನ ಲೆಕ್ಕದಲ್ಲಿ ಕಳೆದುಹೋದದ್ದು ಒಂದೇ, ಸಣ್ಣವ್ವ ತನ್ನ ತಾಯಿಯ ಎದುರು ಕೂತು ಮಾತಾಡಬಹುದಾಗಿದ್ದ ಒಂದು ಮಧ್ಯಾಹ್ನ. ಅವಳು ಮುದುಕಿಯಾಗಿ ಸಾಯುವವರೆಗೂ ಅದು ಸಿಗಲಿಲ್ಲ. ಇವತ್ತಿಗೂ ನಮ್ಮ ಬಳಗದಲ್ಲಿ ಅಜ್ಜಿಯ ಮಾತು ಬಂದರೆ, ಏನೇ ಅನ್ನಿ, ಆಡಿದ ಮಾತಿಗೆ ತಪ್ಪಿದವಳಲ್ಲ ಎನ್ನುತ್ತಾರೆ. ತಪ್ಪಬೇಕಾಗಿತ್ತು.