ಅಕ್ಕನ ಕೋಶಗಳು

ಆಕೆಯ ಕೆಲಸ ಪ್ರಯೋಗಾಲಯದಲ್ಲಿ ಸ್ನಾಯುವಿನ ಕಾಂಡಕೋಶಗಳನ್ನು ಸಾಕುವುದು. ಸ್ನಾಯುವಿಗೆ ಪೆಟ್ಟಾದಾಗ, ನಿದ್ದೆಯಲ್ಲಿರುವ ಈ ಕೋಶಗಳೊಳಗೆ ಕ್ಯಾಲ್ಸಿಯಂ ಏರಿ, ಅವಕ್ಕೆ ಎದ್ದು ದುರಸ್ತಿಗೆ ಹೊರಡಲು ಕರೆ ಕೊಡುತ್ತದೆ. ವಿಶೇಷ ಬಣ್ಣ ಹಾಕಿದರೆ ಆ ಏರಿಕೆ ಸೂಕ್ಷ್ಮದರ್ಶಕದಲ್ಲಿ ಹಸಿರಾಗಿ ಮಿನುಗುತ್ತದೆ.

ಮನೆಯಲ್ಲಿ ಅವಳಿಗಿದ್ದವಳು ಅಕ್ಕ ಒಬ್ಬಳೇ. ಅಕ್ಕನ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದವು. ಸಂಶೋಧನೆಗೆಂದು ತೊಡೆಯ ಸ್ನಾಯುವಿನ ಚೂರು ಕೊಟ್ಟ ದಿನ ಅಕ್ಕ ನಕ್ಕಿದ್ದಳು: "ಈ ಕೋಶಗಳೂ ನನ್ನ ಹಾಗೇ ಸೋಮಾರಿಗಳಾಗಿರ್ತಾವೆ ಕಣೇ, ಚೆನ್ನಾಗಿ ಬೈದು ಎಬ್ಬಿಸು."

ಅಕ್ಕ ತೀರಿಕೊಂಡ ಮರುವಾರ ತಂಗಿ ಕೆಲಸಕ್ಕೆ ಬಂದಳು. ಗಾಜಿನ ತಟ್ಟೆಯಲ್ಲಿ ಅಕ್ಕನ ಕೋಶಗಳು ಇನ್ನೂ ಬದುಕಿದ್ದವು. ಅವುಗಳಲ್ಲೊಂದು ಮಂಕಾಗಿ ಮಿನುಗಿದ್ದೇ ತಡ, ಅವಳ ದುಃಖ ಉಕ್ಕಿ ಬಂತು.

"ಇವತ್ತು ನಾನು ನೋಡ್ಕೋತೀನಿ. ನೀನು ಮನೆಗೆ ಹೋಗಮ್ಮ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ.

"ಮನೇಲಿ ಯಾರಿದ್ದಾರೆ ಮೇಡಂ?" ಎಂದವಳು, ಕಣ್ಣೊರೆಸಿಕೊಂಡು ಕೋಶಗಳಿಗೆ ಹೊಸ ಪೋಷಕ ದ್ರವ ಹಾಕಿದಳು.