ಡಾಕ್ಟರು ಕೊಟ್ಟ ಹರಳು

‘ತಮ್ಮಾ, ಡಾಕ್ಟರು ನನಗೊಂದು ಹರಳು ಕೊಟ್ಟಾರ. ನಿನ್ನ ಹೆಂಡ್ತಿಗೆ ಹೇಳಿ ಅದರದೊಂದು ಪದಕ ಮಾಡಿಸಿಕೊಡು.’

ಬನಹಟ್ಟಿಯಿಂದ ಗಂಗವ್ವತ್ತೆಯ ಫೋನು. ನನ್ನ ಅಪ್ಪನ ತಂಗಿ. (ಹೆಸರು ಬದಲಿಸಿದ್ದೇನೆ. ಅವಳದೇ ಷರತ್ತು.) ನಾನು ಕನ್‌ಫ್ಯೂಸ್ ಆದೆ. ಡಾಕ್ಟರುಗಳು ಗುಳಿಗೆ ಕೊಡುತ್ತಾರೆ, ಬಿಲ್ ಕೊಡುತ್ತಾರೆ. ಹರಳು ಕೊಡುವುದು ಯಾವಾಗಿನಿಂದ?

ನನ್ನ ಹೆಂಡತಿ ಸುಮಿತ್ರಾ, ಜಮಖಂಡಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆಭರಣ ಮಾಡುತ್ತಾಳೆ. ಚಿನ್ನದ್ದಲ್ಲ. ತಾಮ್ರದ್ದು, ಹಿತ್ತಾಳೆಯದು, ಮನಸ್ಸು ಬಂದರೆ ಬೆಳ್ಳಿಯದು. ತಗಡನ್ನು ಸಣ್ಣ ಗರಗಸದಲ್ಲಿ ಕೊಯ್ದು, ಬಡಿದು, ಬೆಸೆದು, ಅದರೊಳಗೆ ಹರಳು ಕೂರಿಸುತ್ತಾಳೆ. ಕಚ್ಚಾ ಕಲ್ಲು ಕೊರಿಯರ್‌ನಲ್ಲಿ ಬರುತ್ತದೆ. ನೀರು ಹನಿಸುವ ಚಕ್ರಕ್ಕೆ ಹಿಡಿದು ಅದನ್ನು ಉಜ್ಜಿ ಹೊಳಪು ತರುವವಳೂ ಅವಳೇ. ಒಂದರಂತೆ ಇನ್ನೊಂದು ಇರಬಾರದು ಎಂಬುದು ಅವಳ ಹಟ. ಕಿವಿಯೋಲೆಗಳೂ ಜೋಡಿಯಲ್ಲಿ ಬೇರೆ ಬೇರೆ. (ಮೊದಲ ಸಲ ನೋಡಿ ‘ಇದರ ಜೋಡಿ ಎಲ್ಲಿ ಕಳೀತು?’ ಎಂದು ಕೇಳಿ ಬೈಸಿಕೊಂಡಿದ್ದೇನೆ.)

ಅತ್ತೆ ಮರುದಿನವೇ ಬಸ್ಸು ಹತ್ತಿ ಬಂದಳು. ಚೀಲದಿಂದ ಆಸ್ಪತ್ರೆಯ ಪುಟ್ಟ ಪ್ಲಾಸ್ಟಿಕ್ ಬಾಟಲಿ ತೆಗೆದು ಟೇಬಲ್ ಮೇಲಿಟ್ಟಳು. ಒಳಗೆ ಹುಣಸೆಬೀಜದಷ್ಟು ದೊಡ್ಡ, ಕಂದು ಬಣ್ಣದ ಒಂದು ಕಲ್ಲು.

ಆಗ ಹೊಳೆಯಿತು. ಹೋದ ತಿಂಗಳು ಅತ್ತೆಗೆ ಪಿತ್ತಕೋಶದ ಆಪರೇಷನ್ ಆಗಿತ್ತು. ಉಂಗುರದಲ್ಲಿ ಕೂರುವುದೂ ಹರಳೇ, ಹೊಟ್ಟೆಯಲ್ಲಿ ಕೂತು ಕಾಡುವುದೂ ಹರಳೇ. ನಾನು ಗೊಳ್ಳನೆ ನಕ್ಕುಬಿಟ್ಟೆ.

ಸುಮಿತ್ರಾ ನಗಲಿಲ್ಲ. ಬಾಟಲಿಯನ್ನು ಎರಡು ಬೆರಳಿನಿಂದ ದೂರ ಸರಿಸಿದಳು. ‘ಅತ್ತಿ, ಇದನ್ನ ಯಾರರ ಕೊಳ್ಳಾಗ ಹಾಕ್ಕೋತಾರೇನ್ರಿ? ನಾ ಅಂತೂ ಇದನ್ನ ಮುಟ್ಟಂಗಿಲ್ರಿ.’

‘ಯಾಕ ಮುಟ್ಟಂಗಿಲ್ಲ? ಸಿಂಪಿ ಹೊಟ್ಯಾಗ ಹುಟ್ಟಿದ್ದನ್ನ ಮುತ್ತು ಅಂತ ಹಾಕ್ಕೋತೀರಿ. ನನ್ನ ಹೊಟ್ಯಾಗ ಹುಟ್ಟಿದ್ದು ಹೇಸಿಕಿ ಆತೇನು?’

ಅತ್ತೆ ಬಾಟಲಿಯನ್ನು ಕೈಗೆತ್ತಿಕೊಂಡು ಮೆಲ್ಲಗೆ ತಿರುಗಿಸಿದಳು.

‘ಇಷ್ಟು ವರ್ಷದಾಗ ಈ ಹೊಟ್ಯಾಗ ಬೆಳದದ್ದು ಇದೊಂದ ನೋಡವ್ವಾ.’

ಅತ್ತೆಗೆ ಮಕ್ಕಳಿಲ್ಲ. ನಮ್ಮ ಮನೆತನದಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಅವಳೂ ಎತ್ತಿದ್ದಿಲ್ಲ. ಈಗ ಅಂದದ್ದು ತಮಾಷೆಗೋ, ಸಂಕಟಕ್ಕೋ? ಮುಖ ನೋಡಿದೆ, ಏನೂ ತಿಳಿಯಲಿಲ್ಲ. ‘ಚಾ ಮಾಡ್ತೀರೋ ಇಲ್ಲೋ?’ ಎಂದಳು. ನನ್ನ ಗೊಂದಲ ಇನ್ನೂ ಹೆಚ್ಚಾಯಿತು.

ಚಹಾ ಕೊಟ್ಟ ಸುಮಿತ್ರಾ ಬಾಟಲಿ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು.

ಕೆಲಸ ಸುಲಭದ್ದಾಗಿರಲಿಲ್ಲ. ಅದು ಹೆಸರಿಗಷ್ಟೇ ಕಲ್ಲು. ಉಗುರಿನಿಂದ ಕೆರೆದರೂ ಪುಡಿ ಉದುರುತ್ತದೆ. ಚಕ್ರಕ್ಕೆ ಹಿಡಿದರೆ ಕೆಸರಾಗುತ್ತದೆ, ಬೆಂಕಿಯ ಹತ್ತಿರ ಒಯ್ದರೆ ಕರಗುತ್ತದೆ. ಹಾಗಾಗಿ ಅವಳು ತಾಮ್ರದ ಬಟ್ಟಲನ್ನು ಮೊದಲೇ ಬೆಸೆದು ಆರಿಸಿಟ್ಟಳು. ಅದರೊಳಗೆ ಕಲ್ಲನ್ನಿಟ್ಟು, ಮೇಲೆ ಕನ್ನಡಕದ ಗಾಜಿನಂತೆ ತೆಳ್ಳಗೆ ಉಜ್ಜಿದ ಸ್ಫಟಿಕ ಮುಚ್ಚಿ, ಸುತ್ತಲಿನ ಅಂಚನ್ನು ಒಳಕ್ಕೆ ಮಡಚಬೇಕು. ಮೊದಲ ಸ್ಫಟಿಕ ಚಕ್ರದ ಮೇಲೇ ಸೀಳಿತು. ಇನ್ನೊಂದನ್ನು ತೆಗೆದುಕೊಂಡಳು.

‘ಮುಟ್ಟಂಗಿಲ್ಲ ಅಂದಿದ್ದಿ?’ ಎಂದೆ.

‘ಸುಮ್ನ ಕೂಡ್ರಿ. ಇದೂ ಸೀಳತೈತಿ.’

ಪದಕ ಚೆಂದವೇ ಆಯಿತು. ಸ್ಫಟಿಕದ ಅಡಿಯಲ್ಲಿ ಕಂದು ಕಲ್ಲು, ಅದರೊಳಗೆ ಜೇನುಬಣ್ಣದ ಗೆರೆಗಳು. ಅದು ಚೆಂದ ಕಾಣುತ್ತಿದೆ ಎಂಬುದೇ ನನಗೆ ಕಿರಿಕಿರಿ. ಇದು ಆಭರಣವೋ, ದವಾಖಾನೆಯ ಕಸವೋ, ಇನ್ನೇನೋ? ಅತ್ತೆಗೆ ಇಂಥ ಪ್ರಶ್ನೆಗಳಿರಲಿಲ್ಲ. ಕೊರಳಿಗೆ ಹಾಕಿಕೊಂಡು ಬನಹಟ್ಟಿಗೆ ಹೊರಟೇಬಿಟ್ಟಳು.

ಮೊನ್ನೆ ಮುಧೋಳದಲ್ಲಿ ನನ್ನ ತಂಗಿಯ ಮಗಳು ಸವಿತಾಳ ಕೂಸಿನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ. ಇಂಥ ಕಾರ್ಯಗಳಲ್ಲಿ ಅತ್ತೆ ಯಾವಾಗಲೂ ಗೋಡೆಗೆ ಒರಗಿ ಹಿಂದೆಯೇ ಕೂರುವವಳು. ಹಿಂದೆ ಕೂರು ಎಂದು ಯಾರೂ ಹೇಳುವುದಿಲ್ಲ. ಮುಂದೆ ಬಾ ಎಂದೂ ಯಾರೂ ಕರೆಯುವುದಿಲ್ಲ. ಈ ಸಲ ಪದಕ ನೋಡಲು ಹೆಂಗಸರೇ ಅವಳ ಸುತ್ತ ನೆರೆದರು. ಸವಿತಾ ಕೂಸನ್ನೆತ್ತಿಕೊಂಡು ಬಂದು ಬಾಗಿದಳು.

‘ಅಜ್ಜಿ, ಭಾಳ ಛಲೋ ಐತ್ರಿ. ಯಾವ ಹರಳ್ರಿ ಇದು?’

‘ಮನೀದವ್ವಾ.’

ಅಷ್ಟರಲ್ಲಿ ಕೂಸು ಪದಕಕ್ಕೆ ಕೈಹಾಕಿ ಬಾಯಿಗಿಟ್ಟುಕೊಂಡಿತು! ಸವಿತಾ ಬಿಡಿಸಲು ಹೋದರೆ ಒಂದೇ ಸಮನೆ ಚೀರಿತು.

‘ಇರಲಿ ಬಿಡ, ನನ್ನ ಕಡೆ ಕೊಡು’ ಎಂದಳು ಅತ್ತೆ. ಸವಿತಾ ಕೂಸನ್ನು ಅವಳ ತೊಡೆಯ ಮೇಲೆ ಕೂರಿಸಿದಳು. ಅದು ಪದಕ ಚೀಪುತ್ತಾ ತಣ್ಣಗಾಯಿತು. ಅತ್ತೆ ಅದರ ಬೋಳು ತಲೆಯ ಮೇಲೆ ಕೈಯಾಡಿಸುತ್ತಿದ್ದಳು.

ನಾನು ಎದ್ದು ನಿಂತಿದ್ದೆ. ಆಚೆ ಬದಿಯಿಂದ ಸುಮಿತ್ರಾ ಬೇಡವೆಂದು ತಲೆಯಾಡಿಸಿದಳು. ಕೂತೆ.

ಆದರೂ ಕೇಳುತ್ತೇನೆ: ನೀವಾಗಿದ್ದರೆ, ಆ ಕೂಸಿನ ಬಾಯಲ್ಲಿರುವುದು ಏನೆಂದು ಹೇಳಿಬಿಡುತ್ತಿದ್ದಿರಾ?