ಇರದ ಮನೆಯ ಬಾಡಿಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ರೈಲ್ವೆಯ ಸಂಬಳದ ಗುಮಾಸ್ತ. ತಿಂಗಳಿಗೊಮ್ಮೆ ಶ್ರೀನಿವಾಸಪುರಕ್ಕೆ ಹೋಗಿ, ಹಳಿ ಕೆಲಸ ಮಾಡುವ ಗ್ಯಾಂಗ್‌ಮನ್‌ಗಳಿಗೆ ಸಂಬಳ ಕೊಡುತ್ತಿದ್ದೆ. ಅವರಲ್ಲಿ ಮುನಿವೆಂಕಟಪ್ಪ ಎಂಬಾತ ದಿನಾ ತನ್ನ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುತ್ತಾನೆಂದು ಒಮ್ಮೆ ಮಾತಿನ ಮಧ್ಯೆ ತಿಳಿಯಿತು. ಆದರೂ ಅವನ ಸಂಬಳದಲ್ಲಿ ರೈಲ್ವೆ ಮನೆಯ ಬಾಡಿಗೆ ಕಡಿತವಾಗುತ್ತಿತ್ತು.

"ಇರದ ಮನೆಗೆ ಯಾಕಯ್ಯಾ ಬಾಡಿಗೆ? ಮನೆ ಬಿಟ್ಟುಕೊಡು, ಕಡಿತ ನಿಲ್ಲುತ್ತೆ" ಎಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

ಅವನ ಮುಖ ಬಿಳಿಚಿಕೊಂಡಿತು. "ಬ್ಯಾಡ ಸ್ವಾಮಿ, ಕಟ್ ಮಾಡ್ಕೊಳ್ಳಿ. ಅದ್ರಲ್ಲಿ ನಮ್ಮ ಬಷೀರನ ಹೆಂಡ್ತಿ, ಮಕ್ಕಳು ಅವ್ರೆ."

ಅವನ ಜೊತೆ ಅದೇ ಗ್ಯಾಂಗಿನಲ್ಲಿ ದುಡಿಯುತ್ತಿದ್ದ ಬಷೀರ್ ಹಿಂದಿನ ವರ್ಷ ತೀರಿಹೋಗಿದ್ದ. ಅವನ ಹೆಂಡತಿ ಶಮೀಮಳಿಗೆ ರೈಲ್ವೆ ಕೊಡಬೇಕಾದ ಕೆಲಸದ ಕಾಗದ ಇನ್ನೂ ಬಂದಿರಲಿಲ್ಲ. ಮುನಿವೆಂಕಟಪ್ಪ ತನ್ನ ಹೆಸರಿನ ಮನೆಯಲ್ಲಿ ಬೇರೆಯವರನ್ನು ಇಟ್ಟಿದ್ದು ನಿಯಮಕ್ಕೆ ವಿರುದ್ಧ. ನಾನು ಮೇಲಕ್ಕೆ ಬರೆದರೆ ಅವನ ನೌಕರಿಗೇ ಸಂಚಕಾರ. ಅವನು ನನ್ನ ಪೆನ್ನನ್ನೇ ನೋಡುತ್ತ ನಿಂತಿದ್ದ. ನಾನು ಅದನ್ನು ಮುಚ್ಚಿ ಜೇಬಿಗಿಟ್ಟೆ. ಮಾಡಿದ್ದು ಸರಿಯೋ ತಪ್ಪೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಯುಗಾದಿಯ ಹೊತ್ತಿಗೆ ಶಮೀಮಳಿಗೆ ಸ್ಟೇಷನ್ನಿನಲ್ಲಿ ನೀರು ಕೊಡುವ ಕೆಲಸ ಸಿಕ್ಕಿತು. ಮೊದಲ ಸಂಬಳಕ್ಕೆ ಬಂದವಳು, "ಸಾಬ್, ಮನೆ ನನ್ನ ಹೆಸರಿಗೆ ಬರೀರಿ. ಬಾಡಿಗೆ ನನ್ನ ಸಂಬಳದಲ್ಲೇ ಹಿಡೀರಿ" ಎಂದಳು.

ಹಿಂದೆ ನಿಂತಿದ್ದ ಮುನಿವೆಂಕಟಪ್ಪ, "ಮೊದಲ್ನೇ ಸಂಬಳ ಪೂರ್ತಿ ತಗೊಳ್ಳಮ್ಮಾ. ಈ ತಿಂಗಳು ನಂದ್ರಲ್ಲೇ ಹೋಗ್ಲಿ" ಎಂದ.

"ನೀನು ಸುಮ್ನಿರಣ್ಣಾ!"

ಕೊನೆಗೆ ಗೆದ್ದವಳು ಅವಳೇ. ನನ್ನದು ಕತ್ತರಿಸಿ, ನನ್ನದು ಕತ್ತರಿಸಿ ಎಂದು ಇಬ್ಬರು ಜಗಳವಾಡಿದ್ದನ್ನು ಇಡೀ ಸರ್ವೀಸಿನಲ್ಲಿ ನಾನು ಕಂಡದ್ದು ಅದೊಂದೇ ಸಲ. ಅದನ್ನು ಬಿಡಿಸಲು ನಮ್ಮಲ್ಲಿ ನಿಯಮವೇ ಇರಲಿಲ್ಲ.